ನಿಂತ ಕಾರನ್ನು ತಳ್ಳುವ ಮೊದಲು

ಕಾರು ದಾರಿಯಲ್ಲಿ ಕೆಟ್ಟು ನಿಂತರೆ ನಾವೇನು ಮಾಡುತ್ತೇವೆ? ನಾಲ್ಕು ಜನರನ್ನು ಕರೆದು ತಳ್ಳಿಸುತ್ತೇವೆ. ಅಮೃತಹಳ್ಳಿಯ ಲಕ್ಕಣ್ಣನೂ ಅದನ್ನೇ ಮಾಡಲು ಹೊರಟಿದ್ದ.

ಲಕ್ಕಣ್ಣನದು ದ್ರಾಕ್ಷಿ ತೋಟ. 1988ರಲ್ಲಿ ಅವನು ಒಂದು ಹಳೆಯ ಫಾರಿನ್ ಕಾರು ಕೊಂಡ. ಆರ್.ಟಿ. ನಗರದ ಮೆಕ್ಯಾನಿಕ್ ಖಾದರ್ ಬಾಷಾ ಕಾರನ್ನು ನೋಡಿದ ದಿನವೇ ಹೇಳಿದ್ದ: "ಅಣ್ಣಾ, ಇದರ ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದೋ ಯಾರಿಗೂ ಗೊತ್ತಿಲ್ಲ. ಮೊದಲು ಅದನ್ನ ಚೇಂಜ್ ಮಾಡ್ಬಿಡೋಣ."

"ನೆಟ್ಟಗೆ ಓಡೋ ಗಾಡೀನ ಯಾಕ್ ಬಿಚ್ತೀಯ? ನನ್ನತ್ರ ಮುಂಚೆ ಇದ್ದ ಕಾರ್‌ನಾಗೆ ಇಂಥದ್ದೆಲ್ಲ ಬದಲಾಯಿಸ್ದೋನೇ ಅಲ್ಲ."

"ಅದರಲ್ಲಿ ಕಬ್ಬಿಣದ ಚೈನು ಅಣ್ಣಾ. ಸವೆದ್ರೆ ಸದ್ದು ಮಾಡುತ್ತೆ. ಇದು ಹಲ್ಲಿರೋ ರಬ್ಬರ್ ಬೆಲ್ಟು. ಹೇಳದೆ ಕೇಳದೆ ಹೋಗುತ್ತೆ."

ಲಕ್ಕಣ್ಣ ನಕ್ಕು ಕಾರು ಹತ್ತಿದ.

ದೀಪಾವಳಿ ಕಳೆದ ಮೇಲೆ ಅವನ ಹೆಂಡತಿ ಪಟಾಲಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಬ್ಯಾಂಡೇಜು ಬಿಚ್ಚಿಸುವ ದಿನ ಅವರ ಮನೆಯಲ್ಲಿ ಬಾಡಿಗೆಗಿದ್ದ ರತ್ನಕ್ಕನೂ ಜೊತೆಗೆ ಹೊರಟರು. ರತ್ನಕ್ಕ ಗದಗ ಕಡೆಯವರು, ಪಾಲಿಟೆಕ್ನಿಕ್‌ನಲ್ಲಿ ಇಂಜಿನ್ ಪಾಠ ಮಾಡುವವರು.

ಯಶವಂತಪುರ ಮಾರ್ಕೆಟ್ ಹತ್ತಿರ ಲಾರಿಗಳ ಹಿಂದೆ ಕಾರು ನಿಧಾನವಾಯಿತು. ಇಂಜಿನ್ ಕೆಮ್ಮಲಿಲ್ಲ, ನಡುಗಲಿಲ್ಲ. ಸುಮ್ಮನೆ ನಿಂತುಬಿಟ್ಟಿತು. ಲಕ್ಕಣ್ಣ ಕೀಲಿ ತಿರುಗಿಸಿದ. ಸ್ಟಾರ್ಟರ್ ಎಂದಿನಂತೆ ಗುರುಗುಟ್ಟದೆ ಹಗುರಾಗಿ, ಖಾಲಿಯಾಗಿ ತಿರುಗಿತು. ಇಂಜಿನ್ ಹತ್ತಲಿಲ್ಲ.

ಹಿಂದೆ ಹಾರನ್ನುಗಳ ಗದ್ದಲ. ಮೂಟೆ ಇಳಿಸುತ್ತಿದ್ದ ಹಮಾಲಿಗಳು ಓಡಿಬಂದರು. ಅವರ ಮುಂದಾಳು ಮುನಿಶಾಮಿ ಕಾರಿನ ಹಿಂಬದಿಗೆ ಕೈಯಿಟ್ಟು ಕೂಗಿದ: "ಗೇರ್ ಹಾಕ್ಕೊಂಡು ಕೂತ್ಕೊಳ್ಳಿ ಯಜಮಾನ್ರೇ. ಒಂದೇ ಏಟಿಗೆ ತಳ್ಬಿಡ್ತೀವಿ!"

ರತ್ನಕ್ಕ ಬಾಗಿಲು ತೆಗೆದು ಇಳಿದೇಬಿಟ್ಟರು.

"ತಡೀರಿ, ತಳ್ಳಬ್ಯಾಡ್ರಿ! ಲಕ್ಕಣ್ಣಾರ, ಬೆಲ್ಟ್ ಹೋದಂಗ ಕಾಣತೈತಿ."

"ಓದ್ರೆ ಓಗ್ಲಿ ಮೇಡಮ್ಮೋರೆ. ತಳ್ಳಿದ್ರೆ ಅತ್ಕೊಂತದೆ."

"ಹತ್ತಂಗಿಲ್ರಿ. ಪಿಸ್ಟನ್ ಮ್ಯಾಲ ಬರೂದ್ರಾಗ ವಾಲ್ವ್ ದಾರಿ ಬಿಡಬೇಕು. ಎರಡನ್ನೂ ಹೊಂದಿಸಿ ನಡಸೂದು ಆ ಬೆಲ್ಟ್. ಅದು ಹೋದ್ರ ಇಂಥಾ ಇಂಜಿನ್ನಿನಾಗ ಪಿಸ್ಟನ್ ಬಂದು ವಾಲ್ವಿಗೆ ಗುದ್ದತೈತಿ. ನೀವು ಗೇರಿನ್ಯಾಗ ತಳ್ಳಿದಷ್ಟೂ ಗುದ್ದತೈತಿ."

ಲಕ್ಕಣ್ಣನ ಮುಖ ಕೆಂಪಾಯಿತು. ಸುತ್ತ ಜನ ನೋಡುತ್ತಿದ್ದರು. ನನ್ನ ಗಾಡಿಯ ವಿಷಯ ಇವರಿಂದ ಹೇಳಿಸಿಕೊಳ್ಳಬೇಕೇ ಎಂದು ಒಳಗೇ ಕುದಿಯಿತು.

"ಒತ್ತಾದ್ರೆ ಡಾಕ್ಟ್ರು ಎದ್ದೋಯ್ತಾರೆ. ತಳ್ರಪ್ಪಾ ನೀವು!"

ಆಗ ಹಿಂದಿನ ಸೀಟಿನಿಂದ ಪಟಾಲಮ್ಮ ಮಾತಾಡಿದಳು.

"ಆಪರೇಸನ್ ಆದ್ಮೇಲೆ ತಲೆ ಅಲ್ಲಾಡಿಸ್ಬ್ಯಾಡ ಅಂದ್ರು ಡಾಕ್ಟ್ರು. ಯಾಕೆ ಅಂತ್ಲೂ ಕೇಳ್ದೆ ಅಂಗೇ ಮಲಗಿದ್ದೆ. ಈವಮ್ಮ ಯಾಕೆ ಅಂತ್ಲೂ ಬಿಡಿಸಿ ಏಳ್ತಾವ್ರೆ. ಆದ್ರೂ ನೀನ್ ಕೇಳಕ್ಕಿಲ್ವಾ? ನಾನು ಆಟೋದಾಗೆ ಓಯ್ತೀನಿ. ಗಾಡಿ ತಳ್ಳಿಸ್ಬ್ಯಾಡ."

ರತ್ನಕ್ಕ ಅವಳ ಕೈ ಹಿಡಿದು ಆಟೋ ಹತ್ತಿಸಿ, ತಾವೂ ಜೊತೆಗೆ ಕೂತರು. ಆಟೋ ಹೋಯಿತು.

"ಏನ್ ಮಾಡೋಣ ಯಜಮಾನ್ರೇ?" ಎಂದ ಮುನಿಶಾಮಿ.

ಲಕ್ಕಣ್ಣನ ಕೈ ಇನ್ನೂ ಗೇರಿನ ಮೇಲೇ ಇತ್ತು. ಈಗ ತಡೆಯುವವರು ಯಾರೂ ಇರಲಿಲ್ಲ. ಕೊನೆಗೆ ಗೇರ್ ತೆಗೆದು ನ್ಯೂಟ್ರಲ್‌ಗೆ ಹಾಕಿದ. ಇನ್ನು ಚಕ್ರ ತಿರುಗಿದರೂ ಇಂಜಿನ್ ತಿರುಗದು.

"ಸ್ಟಾರ್ಟ್ ಮಾಡಾಕಲ್ಲ ಕಣ್ರಪ್ಪಾ. ಪಕ್ಕಕ್ಕೆ ಸರಿಸಿ, ಸಾಕು."

ಅಂಗಡಿಯೊಂದರಿಂದ ಫೋನ್ ಮಾಡಿದ. ಖಾದರ್ ಬಾಷಾ ಜೀಪು ತಂದು, ಹಗ್ಗ ಕಟ್ಟಿ, ಕಾರನ್ನು ನ್ಯೂಟ್ರಲ್‌ನಲ್ಲೇ ಗ್ಯಾರೇಜಿಗೆ ಎಳೆದೊಯ್ದ. ಮುಚ್ಚಳ ಬಿಚ್ಚಿದರೆ ಬೆಲ್ಟಿನ ಹಲ್ಲುಗಳು ಒಂದು ಕಡೆ ಕಿತ್ತುಹೋಗಿದ್ದವು. ಇಂಜಿನ್ನಿಂದ ಸೋರಿದ ಆಯಿಲ್ ಕುಡಿದು ರಬ್ಬರು ಮೆತ್ತಗಾಗಿತ್ತು. ಮೇಲಿನ ಹೆಡ್ ಇಳಿಸಿ ನೋಡಿದಾಗ ಒಂದು ವಾಲ್ವ್ ಬಾಗಿತ್ತು.

"ಒಂದೇ ಬಾಗಿದೆ ಅಣ್ಣಾ. ನಿಧಾನಕ್ಕೆ ಹೋಗ್ತಿದ್ರಿ, ಅದು ಪುಣ್ಯ. ಸ್ಪೀಡಲ್ಲಿ ಹೋಗಿದ್ದಿದ್ರೆ ಅಲ್ಲೇ ಎಲ್ಲಾ ಮುಗೀತಿತ್ತು. ತಳ್ಳಿಸಿದ್ದಿದ್ರೆ ಉಳಿದವೂ ಬಾಗ್ತಿದ್ವು."

ಲಕ್ಕಣ್ಣ ಬೆಲ್ಟನ್ನು ಕೈಯಲ್ಲಿ ಹೊರಳಿಸಿ ನೋಡಿದ. "ಬೆನ್ನ ಕಡೆ ನೋಡಿದ್ರೆ ಒಸದ್ರಂಗೇ ಅದಲ್ಲೋ ಬಾಷಾ."

"ಅದಕ್ಕೇ ಅಣ್ಣಾ, ಕಣ್ಣಲ್ಲಿ ನೋಡಿ ಚೆನ್ನಾಗಿದೆ ಅನ್ನೋದಲ್ಲ. ಎಷ್ಟು ವರ್ಷ ಆಯ್ತು, ಎಷ್ಟು ಓಡಿದೆ ಅಂತ ನೋಡಿ ಬದಲಾಯಿಸ್ಬೇಕು."

ಸಂಜೆ ಲಕ್ಕಣ್ಣ ಬಸ್ಸಿನಲ್ಲಿ ಮನೆಗೆ ಬಂದ. ಪಟಾಲಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಅವನನ್ನೇ ದಿಟ್ಟಿಸಿ, "ನಿನ್ನ ಮೀಸೆ ಇಷ್ಟೊಂದು ಬೆಳ್ಳಗಾಗದೆ ಅಂತ ಗೊತ್ತೇ ಇರ್ಲಿಲ್ಲ" ಎಂದಳು. ಅವನಿಗೆ ನಗು ಬಂತು, ಕಣ್ಣೂ ತುಂಬಿತು.

ಪಕ್ಕದಲ್ಲಿದ್ದ ರತ್ನಕ್ಕನ ಕಡೆ ತಿರುಗಿದ. "ಜನರ ಮುಂದೆ ನಿಮ್ಮ ಮಾತು ಕೇಳಾಕೆ ನಾಚ್ಕೆ ಆಯ್ತು ಮೇಡಮ್ಮೋರೆ. ಬಾಷಾ ಏಳ್ದಾಗ್ಲೂ ಕೇಳ್ಲಿಲ್ಲ. ತಪ್ಪು ನಂದೇ. ಆಮೇಲೆ ಮಾತ್ರ ಗೇರ್‌ನಾಗೆ ತಳ್ಳಿಸ್ಲಿಲ್ಲ."

"ಕೈ ತಡದ್ರಲ್ಲ, ಅದs ದೊಡ್ಡದು ಬಿಡ್ರಿ," ಎಂದರು ರತ್ನಕ್ಕ.

ಹಳೆಯ ಕಾರು ಇಟ್ಟುಕೊಂಡಿರುವವರೇ, ನಿಮ್ಮ ಇಂಜಿನ್ನಿನಲ್ಲಿ ಇರುವುದು ಚೈನೋ, ಬೆಲ್ಟೋ? ಇವತ್ತೇ ಮೆಕ್ಯಾನಿಕ್ಕನ್ನು ಕೇಳಿ. ಬೆಲ್ಟಾದರೆ, ಹಿಂದೆ ಯಾವಾಗ ಹಾಕಿದ್ದೆಂದು ತಿಳಿಯದಿದ್ದರೆ, ಹೊಸದು ಹಾಕಿಸಿ. ಆಯಿಲ್ ಸೋರುತ್ತಿದ್ದರೆ ಅದನ್ನೂ ನಿಲ್ಲಿಸಿ. ಓಡುತ್ತಿದ್ದ ಇಂಜಿನ್ ಸದ್ದಿಲ್ಲದೆ ನಿಂತು, ಸ್ಟಾರ್ಟರ್ ಹಗುರಾಗಿ ತಿರುಗಿದರೆ ಮತ್ತೆ ಮತ್ತೆ ಕೀಲಿ ತಿರುಗಿಸಬೇಡಿ. ತಳ್ಳಲು ಬಂದವರ ಮನಸ್ಸು ಒಳ್ಳೆಯದೇ. ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಅವರಿಗೆ ಕೈ ಮುಗಿದು ಹೇಳಿ: "ಪಕ್ಕಕ್ಕೆ ಸರಿಸಿಕೊಡಿ, ಅಷ್ಟು ಸಾಕು."