ತಂಗಿಯ ಜೋಡು

ತಂಗಿ ತೀರಿಕೊಂಡ ಸುದ್ದಿ ಬಂದ ಬುಧವಾರ ಬೆಳಗ್ಗೆ, ಹನ್ನೊಂದರ ಹೊತ್ತಿಗೆ, ಜೋಡು ಹೊಲಿಯುವ ಯಜಮಾನರು ಮಾಸ್ತರರೊಬ್ಬರ ಬೂಟಿಗೆ ಹಿಮ್ಮಡಿ ಕೂರಿಸುತ್ತಿದ್ದರು. ಬಾಯಲ್ಲಿ ನಾಲ್ಕು ಮೊಳೆಗಳಿದ್ದವು. ಅಂಚೆ ಕಚೇರಿಯಿಂದ ಫೋನು ಮಾಡಿದವರು, ನಿಮ್ಮ ತಂಗಿ ಕೌಂಟರಿನಲ್ಲಿ ನಿಂತ ಹಾಗೆಯೇ ಕುಸಿದರು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು ಎಂದರು. ಯಜಮಾನರು ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡು, ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿದ ಮೇಲೆ, ಈಗಲೇ ಬಂದೆ ಎಂದರು. ಎದ್ದು ನಿಂತಾಗ ಅವರ ಕಣ್ಣು ಹೋದದ್ದು ಮೇಲಿನ ಹಲಗೆಯ ಕಡೆಗೆ. ಅಲ್ಲಿ ಒಂದು ಜೊತೆ ಕೆಂಪು ಜೋಡು ಆರು ವಾರದಿಂದ ಕೂತಿತ್ತು. ಅದು ತಂಗಿಯದು.

ತಂಗಿಗೆ ಐವತ್ತೆಂಟು, ಅಂಚೆ ಕಚೇರಿಯಲ್ಲೇ ಕೆಲಸ. ಗಂಡ ಹೋಗಿ ಹತ್ತು ವರ್ಷ, ಮಕ್ಕಳಿರಲಿಲ್ಲ. ಚಿಕ್ಕಂದಿನಲ್ಲಿ ಗುಡಿಸಿದ ನೆಲ ಕಂಡರೆ ಸಾಕು, ಸುತ್ತತೊಡಗುತ್ತಿದ್ದಳು. ಅದಕ್ಕೇ ಅಪ್ಪ ಅವಳನ್ನು ಗಿರಗಿಟ್ಟಲೆ ಎಂದು ಕರೆಯುತ್ತಿದ್ದರು. ಎರಡು ವರ್ಷದ ಹಿಂದೆ ಅಂಚೆ ಕಚೇರಿಯ ಎದುರಿನ ಮಹಡಿಯಲ್ಲಿ ಸಾಲ್ಸಾ ಕಲಿಸುತ್ತಾರೆಂದು ಬೋರ್ಡು ಬಿದ್ದಾಗ ಮೊದಲು ಹೋಗಿ ಹೆಸರು ಬರೆಸಿದವಳು ಅವಳೇ. ಅದು ಜೋಡಿಯಾಗಿ ಕುಣಿಯುವ ಕುಣಿತ. ಗಡಿಯಾರ ರಿಪೇರಿ ಮಾಡುವವರು ಅವಳ ಜೋಡಿಯಾದರು. ಬೇಕರಿಯ ಗಂಡ ಹೆಂಡತಿ, ಕಲಿಸುವ ಟೀಚರು, ಬಸ್ಸಿನ ಡ್ರೈವರು ಸೇರಿ ಒಟ್ಟು ಆರು ಜನ. ದಿನವೂ ಪ್ರಾರ್ಥನೆ ಮಾಡದೆ ಅಂಗಡಿಯ ಬಾಗಿಲು ತೆಗೆಯದ ಯಜಮಾನರಿಗೆ ಇದು ಹಿಡಿಸಲಿಲ್ಲ. ಬೇಡ ಎನ್ನಲೂ ಬಾಯಿ ಬರಲಿಲ್ಲ, ಸರಿ ಎನ್ನಲೂ ಮನಸ್ಸು ಒಪ್ಪಲಿಲ್ಲ.

ಆಮೇಲೆ ದೊಡ್ಡ ನಗರದಲ್ಲಿ ಸಾಲ್ಸಾ ಹಬ್ಬವಿದೆಯೆಂದು ತಂಗಿ ಸುದ್ದಿ ತಂದಳು. ಮೂರು ದಿನ. ಹಗಲು ಪಾಠ, ಸಂಜೆ ಒಂದೇ ಅಂಗಳದಲ್ಲಿ ಸಾವಿರ ಜನ, ಯಾರು ಯಾರ ಜೊತೆ ಬೇಕಾದರೂ ಕುಣಿಯಬಹುದು. ಬದುಕಿನಲ್ಲಿ ಒಂದು ಸಲ ಆ ನೆಲದ ಮೇಲೆ ಕಾಲಿಡಬೇಕು ಎಂದು ಅವಳು ಪಟ್ಟು ಹಿಡಿದಳು. ಅಣ್ಣನ ಹತ್ತಿರವೇ ಜೋಡು ಮಾಡಿಸಿದಳು. ಅಟ್ಟೆ ಬರೀ ಚರ್ಮದ್ದಾಗಿರಬೇಕು, ತೆಳ್ಳಗಿರಬೇಕು, ಒರಟು ಮೈ ಹೊರಗೆ ಬರಬೇಕು ಎಂದು ಬಿಡಿಸಿ ಹೇಳಿದ್ದಳು. ಯಜಮಾನರು ಕೇಳಿಸಿಕೊಂಡರು. ಆದರೆ ನಲವತ್ತೈದು ವರ್ಷ ಬೀದಿಯಲ್ಲಿ ನಡೆಯುವವರಿಗೆ ಹೊಲಿದ ಕೈ ಅದು. ಜಾರದ ಅಟ್ಟೆಯೇ ಒಳ್ಳೆಯ ಅಟ್ಟೆ ಎಂದು ಅದಕ್ಕೆ ಗೊತ್ತು. ಒಳ್ಳೆಯ ರಬ್ಬರನ್ನೇ ಆರಿಸಿ, ಗೀರು ಗೀರು ಕೊರೆದು, ಅಂಟಿಸಿ ಕೊಟ್ಟರು.

ಮೂರನೆಯ ದಿನ ತಂಗಿ ಜೋಡನ್ನು ಕೈಯಲ್ಲಿ ಹಿಡಿದುಕೊಂಡು ನಗುತ್ತಾ ಬಂದಳು.

"ಅಣ್ಣಾ, ಇದು ಜೋಡಲ್ಲ ಕಣೋ, ಬ್ರೇಕು. ಮೈ ತಿರುಗತ್ತೆ, ಮಂಡಿ ತಿರುಗತ್ತೆ, ಪಾದ ಮಾತ್ರ 'ನಿಮ್ಮಣ್ಣ ನಿಲ್ಲು ಅಂದಿದಾನೆ' ಅಂತ ಅಲ್ಲೇ ಕೂತ್ಕೊಳತ್ತೆ."

ಗುರುವಾರ ಬಾ, ಬದಲಾಯಿಸಿ ಇಟ್ಟಿರುತ್ತೇನೆ ಎಂದರು ಯಜಮಾನರು. ಅಷ್ಟರವರೆಗೆ ಆದದ್ದು ತಪ್ಪು. ಅಲ್ಲಿಂದ ಮುಂದಿನದು ತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದ್ದು. ಮೊದಲ ಗುರುವಾರ ಚರ್ಮ ಬಂದಿಲ್ಲ ಎಂದರು. ಎರಡನೆಯ ಗುರುವಾರ ಬಂದ ಚರ್ಮ ದಪ್ಪವಾಯಿತು ಎಂದರು. ಮೂರನೆಯದರಲ್ಲಿ ಕೈ ನೋವು. ಬೇಕಾದ ಚರ್ಮ ಸುರುಳಿಯಾಗಿ ಅವರ ಬೆನ್ನ ಹಿಂದೆಯೇ ಗೋಡೆಗೆ ಒರಗಿತ್ತು. ಜೋಡಿಲ್ಲದಿದ್ದರೆ ಪ್ರಯಾಣವೂ ತಾನಾಗಿ ನಿಂತೀತು ಎಂದು ಅವರ ಲೆಕ್ಕ. ತಂಗಿ ಪ್ರತಿ ಗುರುವಾರವೂ ಬಂದಳು, ನಕ್ಕಳು, ಹಳೆಯ ಜೋಡಿನಲ್ಲೇ ಕುಣಿಯಲು ಹೋದಳು.

ಅವಳು ಹೋಗಿ ಎರಡು ವಾರವಾದ ಮೇಲೆ ಉಳಿದ ಐವರೂ ಅಂಗಡಿಗೆ ಬಂದರು. ಹಬ್ಬಕ್ಕೆ ಇನ್ನು ಹದಿನೈದೇ ದಿನವಿತ್ತು. ಸ್ಟೂಲುಗಳು ಸಾಲಲಿಲ್ಲ, ಡ್ರೈವರು ಚರ್ಮದ ಕಟ್ಟಿನ ಮೇಲೆ ಕೂತರು, ಗಡಿಯಾರದವರು ಬಾಗಿಲಲ್ಲೇ ನಿಂತರು. ಮಾತು ತೆಗೆದದ್ದು ಬೇಕರಿಯ ಹೆಂಗಸು. ಪ್ರಯಾಣ ಬಿಟ್ಟುಬಿಡೋಣ ಅಂತಿದ್ದೇವೆ, ಆದರೆ ನಿಮ್ಮನ್ನು ಕೇಳದೆ ಬಿಡುವುದೂ ಸರಿಯಲ್ಲ, ಹೋಗುವುದೂ ಸರಿಯಲ್ಲ, ನೀವು ಹೇಳಿದ ಹಾಗೆ ಎಂದರು. ಹೋಗುತ್ತೇವೆಂದರೂ ಯಾವ ರೈಲು, ಎಲ್ಲಿ ಇಳಿಯುವುದು, ಯಾವ ಕೋಣೆ ಒಂದೂ ನಮಗೆ ಗೊತ್ತಿಲ್ಲ, ಎಲ್ಲ ಅಕ್ಕನ ತಲೆಯಲ್ಲಿತ್ತು ಎಂದು ಅವರ ಗಂಡ ಸೇರಿಸಿದರು.

ಬೇಡ ಎನ್ನುವ ಮಾತು ಯಜಮಾನರ ನಾಲಿಗೆಯ ತುದಿಗೆ ಬಂದಿತ್ತು. ಎಂಟು ವಾರದಿಂದ ಅವರು ಬಯಸಿದ್ದೂ ಅದನ್ನೇ. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ತಂಗಿಯ ಕೈಚೀಲವನ್ನು ತಂದು ಮುಂದಿಟ್ಟರು. ಅಂಚೆ ಕಚೇರಿಯವರು ಕಳಿಸಿಕೊಟ್ಟಿದ್ದ ಆ ಚೀಲವನ್ನು ಯಾರೂ ಬಿಚ್ಚಿರಲಿಲ್ಲ.

"ಇದ್ರಲ್ಲಿ ಏನಿದೆ ನೋಡಿ, ಆಮೇಲೆ ಹೇಳಿ," ಎಂದರು ಹೆಂಡತಿ.

ಚೀಲದಲ್ಲಿ ಕನ್ನಡಕ, ಬಾಚಣಿಗೆ, ಒಂದು ನೋಟುಬುಕ್ಕು ಇದ್ದವು. ನೋಟುಬುಕ್ಕಿನಲ್ಲಿ ಇಡೀ ಪ್ರಯಾಣವಿತ್ತು. ರೈಲು ಹೊರಡುವ ಹೊತ್ತು, ಸೀಟುಗಳು, ಇಳಿದ ಮೇಲೆ ಹಿಡಿಯಬೇಕಾದ ಬಸ್ಸು, ಕೋಣೆಯ ವಿಳಾಸ, ಎಲ್ಲವನ್ನೂ ಕಾಗದ ವಿಂಗಡಿಸುವ ಕೈ ಸಾಲು ತಪ್ಪದೆ ಬರೆದಿತ್ತು. ಅದರ ಕೆಳಗೆ ಒಬ್ಬೊಬ್ಬರಿಗೂ ಒಂದೊಂದು ಸಾಲು. ಯಜಮಾನರು ಗಟ್ಟಿಯಾಗಿ ಓದಿದರು. ಬೇಕರಿಯವರು: ಬನ್ನು ಎರಡು ಡಜನ್. ಅವರ ಹೆಂಡತಿ: ಕ್ರೀಮಿನದು ತರಲು ಬಿಡಬಾರದು, ಚೀಲಕ್ಕೆ ಹತ್ತುತ್ತದೆ. ಡ್ರೈವರು: ರೈಲು ಓಡಿಸುವವನಿಗೆ ಕಿಟಕಿಯಿಂದ ಬುದ್ಧಿ ಹೇಳಬಾರದು. ಟೀಚರು: ನಿದ್ದೆಯಲ್ಲಿ ಲೆಕ್ಕ ಹೇಳುತ್ತಾರೆ, ಮೇಲಿನ ಸೀಟು. ಗಡಿಯಾರದವರು: ಹೇಗೂ ಒಂದು ಗಂಟೆ ಮೊದಲು ಬರುತ್ತಾರೆ, ಹೊತ್ತು ತಿಳಿಸುವ ಅಗತ್ಯವಿಲ್ಲ. ಡ್ರೈವರು ನಕ್ಕು, ನಕ್ಕದ್ದಕ್ಕೆ ನಾಚಿಕೊಂಡು, ಕಣ್ಣೊರೆಸಿಕೊಂಡರು.

ಆರನೆಯ ಸಾಲು ತಂಗಿಯದೇ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸೀಟುಗಳು ಏಳಿದ್ದವು. ಏಳನೆಯ ಸಾಲಿಗೆ ಬಂದಾಗ ಯಜಮಾನರು ಓದುವುದನ್ನು ನಿಲ್ಲಿಸಿದರು.

"ಅಣ್ಣ. ಕಿಟಕಿಯ ಪಕ್ಕ. ದಬ್ಬಣ, ದಾರ, ಅಂಟು, ಹಿಮ್ಮಡಿ ಎರಡು ಜೊತೆ ತರಬೇಕು. ಮೂರು ದಿನ ಕುಣಿದರೆ ಎಲ್ಲರದ್ದೂ ಕಿತ್ತುಬರುತ್ತದೆ. ಅವನಿಗೆ ಇನ್ನೂ ಹೇಳಿಲ್ಲ. ಜೋಡು ಕೊಡುವ ದಿನ ಹೇಳುವುದು."

ಸೀಟು ಏಳಿದೆಯಲ್ಲ, ಏಳನೆಯವರು ಯಾರು ಎಂದು ಬೇಕರಿಯವರು ಕೇಳಿದರು. ನಾನು ಎಂದರು ಯಜಮಾನರು. ಎದ್ದು, ಹಲಗೆಯ ಮೇಲಿನ ಕೆಂಪು ಜೋಡನ್ನು ಇಳಿಸಿ, ಬಾಗಿಲಲ್ಲಿ ನಿಂತವರ ಮುಂದೆ ಹಿಡಿದರು.

"ಚರ್ಮ ಇತ್ತು. ಕೈಯೂ ನೆಟ್ಟಗಿತ್ತು. ನಾನೇ ಮಾಡಲಿಲ್ಲ."

ಗಡಿಯಾರದವರು ಜೋಡಿನ ಅಟ್ಟೆಯ ಮೇಲೆ ಬೆರಳಾಡಿಸಿದರು.

"ಅವರಿಗೆ ಗೊತ್ತಿತ್ತು," ಎಂದರು. "ಚರ್ಮದ ಸುರುಳಿ ನಿಮ್ಮ ಬೆನ್ನ ಹಿಂದೇನೇ ಕಾಣ್ತಿತ್ತಂತೆ. ಅಣ್ಣನಿಗೆ ಸುಳ್ಳು ಹೇಳೋಕೆ ಬರಲ್ಲ, ಸಾಕಾಗಿ ಒಂದಿನ ಅವನೇ ಕೊಡ್ತಾನೆ, ಕಾಯ್ತೀನಿ ಅಂತಿದ್ರು."

ಯಜಮಾನರು ನೋಟುಬುಕ್ಕನ್ನು ಬೇಕರಿಯ ಹೆಂಗಸಿನ ಕೈಗೆ ಕೊಟ್ಟು, ಇದರಲ್ಲಿ ಇರುವ ಹಾಗೆಯೇ ನಡೆಯಲಿ, ಒಂದು ಸಾಲೂ ಬದಲಾಗಬಾರದು, ಎಲ್ಲರೂ ಹೋಗೋಣ ಎಂದರು. ನನ್ನ ಜೊತೆ ಕುಣಿಯುವವರು ಯಾರು ಎಂದು ಗಡಿಯಾರದವರು ಕೇಳಿದ್ದಕ್ಕೆ, ಸಾವಿರ ಜನ ಇರುತ್ತಾರಂತಲ್ಲ, ಯಾರಾದರೂ ಕೈ ಹಿಡಿಯುತ್ತಾರೆ ಎಂದು ಯಜಮಾನರೇ ಸಮಾಧಾನ ಹೇಳಿದರು. ಆ ಮಾತು ತಮ್ಮ ಬಾಯಿಂದ ಬಂದದ್ದು ಅವರಿಗೇ ಸೋಜಿಗವೆನಿಸಿತು.

ಮರುದಿನ ಗುರುವಾರ. ಯಜಮಾನರು ಬೇರೆ ಕೆಲಸ ಮುಟ್ಟಲಿಲ್ಲ. ರಬ್ಬರನ್ನು ಬಿಸಿಮಾಡಿ ಕಿತ್ತರು. ಗಟ್ಟಿಯಾಗಿಯೇ ಅಂಟಿಸಿದ್ದರಿಂದ ಒಂದು ಗಂಟೆ ಹಿಡಿಯಿತು. ಸುರುಳಿ ಬಿಚ್ಚಿ, ಚರ್ಮವನ್ನು ಅಳತೆಗೆ ಕತ್ತರಿಸಿ, ಒರಟು ಮೈ ಹೊರಗಿಟ್ಟು ಹೊಲಿದರು. ತಂತಿಯ ಬ್ರಷ್ಷಿನಿಂದ ಉಜ್ಜಿ ಹದ ಮಾಡಿದರು. ಆಮೇಲೆ ಒಂದನ್ನು ಅಂಗೈಗೆ ಹಾಕಿಕೊಂಡು, ನೆಲಕ್ಕೆ ಒತ್ತಿ, ಮಣಿಕಟ್ಟನ್ನು ತಿರುಗಿಸಿದರು. ಜೋಡು ಸದ್ದಿಲ್ಲದೆ ಪೂರ್ತಿ ಒಂದು ಸುತ್ತು ತಿರುಗಿತು.

ಹೆಂಡತಿ ಕಾಫಿ ತಂದಿಟ್ಟು, ಇದನ್ನು ಯಾರು ಹಾಕಿಕೊಳ್ಳುತ್ತಾರೆ ಎಂದು ಕೇಳಿದರು. ಒಬ್ಬರ ಅಚ್ಚಿನ ಮೇಲೆ ಹೊಲಿದದ್ದನ್ನು ಇನ್ನೊಬ್ಬರ ಕಾಲಿಗೆ ಕೊಟ್ಟ ಕೈಯಲ್ಲ ಇದು ಎಂದರು ಯಜಮಾನರು. ತಂಗಿಯ ಪಾದದ ಮರದ ಅಚ್ಚನ್ನು ಹುಡುಕಿ, ಜೋಡನ್ನು ಅದಕ್ಕೆ ತೊಡಿಸಿ, ಹಲಗೆಯ ಮೇಲಿಟ್ಟರು. ಪ್ರಯಾಣದ ಚೀಲ ತೆರೆದು ದಬ್ಬಣ, ದಾರ, ಅಂಟು, ಎರಡು ಜೊತೆ ಹಿಮ್ಮಡಿ ಇಟ್ಟರು. ನೋಟುಬುಕ್ಕಿನಲ್ಲಿದ್ದ ಕ್ರಮದಲ್ಲೇ ಇಟ್ಟರು.

ನಂತರ ಕೈ ತೊಳೆದು, ಹಲಗೆಯ ಮುಂದೆ ನಿಂತು ಕಣ್ಣು ಮುಚ್ಚಿದರು. ದೇವರೇ, ನಡೆಯುವವರ ಕಾಲು ಜಾರದಿರಲಿ ಎಂದು ಇಷ್ಟು ವರ್ಷ ನಿನ್ನನ್ನು ಬೇಡಿದ್ದೇನೆ. ಅವಳ ಕಾಲನ್ನು ನಾನೇ ಹಿಡಿದಿಟ್ಟೆ, ಅದನ್ನು ಮನ್ನಿಸು. ನನ್ನ ಗಿರಗಿಟ್ಟಲೆ ನಿಂತಲ್ಲಿ ನಿಲ್ಲುವವಳಲ್ಲ, ನಿನಗೂ ಗೊತ್ತಾಗಿರಬೇಕು. ಅವಳಿಗೆ ತಿರುಗಲು ಎಡೆಯಿರುವ ಕಡೆ ಇರಗೊಡು, ದಣಿದಾಗ ಕೂರಲು ಜಾಗ ಕೊಡು, ಅವಳ ಜೀವಕ್ಕೆ ಶಾಂತಿ ಕೊಡು.