ಹನ್ನೊಂದು ಕಲ್ಲು ದೂರ

ನಮ್ಮನೆಯವರು ದರ್ಜಿ. ಅಳತೆಯ ಟೇಪು ಸದಾ ಅವರ ಕೊರಳಲ್ಲೇ. ಊಟಕ್ಕೆ ಕೂತರೂ ತೆಗೆಯುವುದಿಲ್ಲ; ಅದರ ತುದಿ ತಟ್ಟೆಗೆ ಬೀಳುತ್ತದೆ. ಹೇಳಿ ಹೇಳಿ ನನಗೆ ಸಾಕಾಗಿದೆ. ಮರದ ಸ್ಕೇಲನ್ನು ಮಾತ್ರ ಅವರು ಮೂವತ್ತು ವರ್ಷದಿಂದ ಮುಟ್ಟಿಲ್ಲ. ಕೆಲಸ ಕಲಿಸಿದ ಚಿಕ್ಕಪ್ಪ ಅದನ್ನು ಬಟ್ಟೆಗಿಂತ ಹೆಚ್ಚಾಗಿ ಇವರ ಬೆರಳ ಗೆಣ್ಣುಗಳ ಮೇಲೆ ಬಳಸಿದ್ದರಂತೆ. ಆ ಸ್ಕೇಲು ಈಗಲೂ ಟ್ರಂಕಿನ ತಳದಲ್ಲಿದೆ. ಅದರ ಮಾತೆತ್ತಿದರೆ ಇವರು ಎದ್ದು ಹೊರಗೆ ಹೋಗುತ್ತಾರೆ.

ಗುರ್ರಪ್ಪ ನಮ್ಮ ಅಂಗಡಿಗೆ ತಾನಾಗಿಯೇ ಬಂದ ನಾಯಿ. ಬೆನ್ನ ತುಂಬ ಬಾಸುಂಡೆ. ಜೀವ ಕೈಯಲ್ಲಿ ಹಿಡಿದುಕೊಂಡವನ ಹಾಗೆ ಕತ್ತರಿಸುವ ಮೇಜಿನ ಕೆಳಗೆ, ಚಿಂದಿಯ ರಾಶಿಯೊಳಗೆ ಹೊಕ್ಕು ಕೂತ. ನನ್ನನ್ನು ಕಂಡರೆ ಬಾಲ ಅಲ್ಲಾಡಿಸುತ್ತಿದ್ದ, ಇವರನ್ನು ಕಂಡರೆ ಹಲ್ಲು ತೋರಿಸಿ ಗುರ್ ಎನ್ನುತ್ತಿದ್ದ. ಒಂದು ದಿನ ಮಹಡಿಯ ಮೇಲಿರುವ ಕಟ್ಟಡದ ಮಾಲಕಿ ಅಂಗಡಿಗೆ ಬಂದಾಗ ಅವರ ಕೈಚೀಲದ ಪಟ್ಟಿ ಜೋತಾಡಿದ್ದೇ ತಡ, ಹಾರಿ ಅದನ್ನು ಕಚ್ಚಿ ಹರಿದ.

"ಒಂದು ತಿಂಗಳು ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ನಾಯಿ ಹಿಡಿಯೋ ಗಾಡಿಯವರಿಗೆ ಫೋನ್ ಮಾಡ್ತೀನಿ," ಎಂದರು ಮಾಲಕಿ. ಆ ಗಾಡಿ ಹತ್ತಿದ ನಾಯಿ ವಾಪಸು ಬಂದದ್ದನ್ನು ಯಾರೂ ಕಂಡಿಲ್ಲ.

ಇವರು ಗುರ್ರಪ್ಪನಿಗೆ ಬೆನ್ನು ತಿರುಗಿಸಿ ನೆಲದ ಮೇಲೆ ಕೂತು ಬ್ರೆಡ್ಡಿನ ಚೂರುಗಳನ್ನು ಹಿಂದಕ್ಕೆ ಉರುಳಿಸತೊಡಗಿದರು. "ನನ್ನನ್ನ ಒಂದು ದಿನವಾದ್ರೂ ಹೀಗೆ ಓಲೈಸಿದ್ರಾ?" ಎಂದು ರೇಗಿಸಿದೆ. ನಗಲಿಲ್ಲ. "ನನ್ನನ್ನ ಕಂಡ್ರೇ ಅವನಿಗಾಗಲ್ಲ ಕಣೇ," ಎಂದರು. ಅವರ ಮುಖ ಸಣ್ಣದಾಗಿತ್ತು.

ಹತ್ತು ದಿನ ಹೀಗೇ ಕಳೆಯಿತು. ಆಮೇಲೆ ಇವರಿಗೆ ಜ್ವರ ಬಂತು; ಟೇಪನ್ನೂ ತೆಗೆದು ಮೊಳೆಗೆ ಹಾಕಿ ಅಂಗಡಿಯ ಮೂಲೆಯಲ್ಲೇ ಬನಿಯನ್ನಿನಲ್ಲಿ ಮಲಗಿದರು. ಮಧ್ಯಾಹ್ನ ಪರದೆ ದಾಟಿ ಬಂದ ಹಳದಿ ಬೆಳಕಿನಲ್ಲಿ ಹತ್ತಿಯ ಎಳೆಗಳು ಮೆಲ್ಲಗೆ ತೇಲುತ್ತಿದ್ದವು. ಗುಂಡಿ ಹೊಲಿಯುತ್ತ ನನಗೂ ಜೊಂಪು ಹತ್ತಿತ್ತು. ಅರೆಗಣ್ಣಿನಲ್ಲಿ ನೋಡುತ್ತೇನೆ, ಗುರ್ರಪ್ಪ ನೀರಿನೊಳಗೆ ನಡೆದಂತೆ ನಿಧಾನವಾಗಿ ಬಂದು ಇವರ ಪಾದದ ಮೇಲೆ ಗದ್ದವಿಟ್ಟ. ಕನಸೆಂದೇ ತಿಳಿದೆ. ಇವರಿಗೂ ಎಚ್ಚರವಾಯಿತು. ಉಸಿರಾಡಲೂ ಹೆದರಿ ಹಾಗೇ ಇದ್ದರು, ಕಣ್ಣು ತುಂಬಿತ್ತು. ತುಂಬ ಹೊತ್ತಾದ ಮೇಲೆ ಎದ್ದು, ಅಭ್ಯಾಸಬಲದಿಂದ ಮೊಳೆಯಲ್ಲಿದ್ದ ಟೇಪನ್ನು ಕೊರಳಿಗೆ ಹಾಕಿಕೊಂಡರು.

ಗುರ್! ಮತ್ತೆ ಮೇಜಿನ ಕೆಳಗೆ.

"ರೀ, ನೀವಲ್ಲ! ಅವನಿಗೆ ಹೆದರಿಕೆ ಆ ಟೇಪಿಂದು!" ಎಂದು ಕೂಗಿದೆ. ಯಾವ ಪುಣ್ಯಾತ್ಮ ಬೆಲ್ಟಿನಲ್ಲಿ ಬಾರಿಸಿದ್ದನೋ.

ಅಂದಿನಿಂದ ಟೇಪು ಕಿಟಕಿಯ ಕೆಳಗೆ, ಮೇಜಿನಿಂದ ಹನ್ನೊಂದು ನೆಲಗಲ್ಲಿನಾಚೆ. ಅದನ್ನು ನೋಡಿಯೂ ಗುರ್ ಎನ್ನದಿದ್ದರೆ ಒಂದು ಚೂರು ಬ್ರೆಡ್ಡು. ದಿನಕ್ಕೊಂದು ಕಲ್ಲು ಹತ್ತಿರ. ಇವರು ಒಮ್ಮೆ ಆಸೆಬುರುಕರಾಗಿ ಎರಡು ಕಲ್ಲು ದಾಟಿಸಿದರು. ಗುರ್ರಪ್ಪ ನಡುಗಿಹೋದ. ಮತ್ತೆ ಮೂರು ಕಲ್ಲು ಹಿಂದಕ್ಕೆ. ಟೇಪು ಮೇಜಿನ ಹತ್ತಿರ ಬರುವವರೆಗೆ ಗಿರಾಕಿಗಳ ಅಳತೆ ಗೇಣಿನಲ್ಲೇ ನಡೆಯಿತು. ಒಬ್ಬರ ಅಂಗಿಯ ತೋಳು ಬೆರಳ ತುದಿಗೆ ಬಂತು, ಇನ್ನೊಬ್ಬರದು ಮೊಣಕೈ ದಾಟಲಿಲ್ಲ.

ತಿಂಗಳ ಕೊನೆಯ ದಿನ ಮಾಲಕಿ ಇಳಿದು ಬಂದರು. "ನನಗೊಂದು ಕೋಟು ಬೇಕು. ಅಳತೆ ತಗೊಳ್ಳಿ."

ಇವರು ಟೇಪು ಬಿಚ್ಚಿದರು. ಅದರ ತುದಿ ಗಾಳಿಯಲ್ಲಿ ತೂಗಿತು. ಗುರ್ರಪ್ಪ ತಲೆಯೆತ್ತಿದ. ಅವನು ಟೇಪು ನೋಡಿದ, ಇವರ ಮುಖ ನೋಡಿದ, ಬ್ರೆಡ್ಡು ಎಲ್ಲಿ ಎಂಬಂತೆ ಬಾಲವನ್ನು ನೆಲಕ್ಕೆ ಬಡಿದ.

"ಇರ್ಲಿ ಬಿಡಿ, ಇಲ್ಲೇ ಇರ್ಲಿ," ಎಂದರು ಮಾಲಕಿ. "ತೋಳು ಮಾತ್ರ ಸರಿಯಾಗಿರ್ಲಿ."

ಅವರು ಹೋದ ಮೇಲೆ ಇವರು ಗುರ್ರಪ್ಪನ ಪಕ್ಕ ಕೂತು ಬಹಳ ಹೊತ್ತು ಅವನ ಕಿವಿ ಸವರಿದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು:

"ಟ್ರಂಕಿನಲ್ಲಿ ಚಿಕ್ಕಪ್ಪನ ಸ್ಕೇಲಿದೆಯಲ್ಲ, ತಂದು ಕಿಟಕಿ ಹತ್ರ ಇಡ್ತೀಯಾ? ಅಲ್ಲೇ, ದೂರದಲ್ಲೇ."

ಹನ್ನೊಂದನೇ ಕಲ್ಲಿನ ಮೇಲೆ ಇಟ್ಟೆ. ಒಳಗೆ ಹೋಗಿ ಎರಡು ಚೂರು ಬ್ರೆಡ್ಡು ತಂದೆ.