ಸೌತೆ ಪಾತಿಯ ಮೇಲಿನ ಗಾಜು

ನನ್ನ ಯಜಮಾನರು ಎನಾಕ್ ಲಾರ್‌ವುಡ್ ಅವರಿಗೆ ಮೂರು ಕಸುಬು. ಚಿತ್ರ ಬರೆಯುತ್ತಾರೆ, ಬೇರೆಯವರು ಬರೆದ ಹಳೆಯ ಚಿತ್ರಗಳ ಕೊಳೆ ತೆಗೆದು ಸರಿಮಾಡುತ್ತಾರೆ, ಫೋಟೋ ತೆಗೆಯುತ್ತಾರೆ. ಇಂಗ್ಲೆಂಡಿನ ಈ ನಾರಿಚ್ ಪಟ್ಟಣದಲ್ಲಿ ಇಷ್ಟೂ ಬಲ್ಲವರು ತಾವೊಬ್ಬರೇ ಎಂದು ಅವರಿಗೆ ಜಂಬ. ಇಷ್ಟನ್ನೂ ಒಂದೇ ಅಟ್ಟದ ಕೋಣೆಯಲ್ಲಿ ತುರುಕಿಕೊಂಡವರೂ ಅವರೊಬ್ಬರೇ ಎನ್ನುವುದನ್ನು ನಾನೇ ಸೇರಿಸಬೇಕು.

ಅಂದು ಮಿಸೆಸ್ ಪ್ಲಮ್‌ಸ್ಟೆಡ್ ಕೊಟ್ಟಿದ್ದ ಚಿತ್ರದ ಕೆಲಸ ನಡೆದಿತ್ತು. ಅವರ ಮಗ ಅಬೆಲ್ ಹಡಗಿನ ಜೊತೆಯಲ್ಲೇ ಮುಳುಗಿ ಎರಡು ವರ್ಷ. ಆ ತಾಯಿಗೆ ಮಗನ ಮುಖವೆಂದು ಉಳಿದಿದ್ದು ಅಗ್ಗಿಷ್ಟಿಕೆಯ ಮೇಲಿನ ಆ ಚಿತ್ರವೊಂದೇ. ಹೊಗೆ ಹಿಡಿದು ಕಪ್ಪಾಗಿದೆ, ತೊಳೆದುಕೊಡಿ ಎಂದು ತಂದಿದ್ದರು.

ಈ ಕೆಲಸದಲ್ಲಿ ಎರಡು ಕೈಗೂ ಹತ್ತಿ ಬೇಕು. ಬಲಗೈಯ ಹತ್ತಿಗೆ ಸ್ಪಿರಿಟ್, ಅದು ಹಳೆಯ ಮೆರುಗೆಣ್ಣೆಯನ್ನು ಕರಗಿಸುತ್ತದೆ. ಎಡಗೈಯದಕ್ಕೆ ಟರ್ಪೆಂಟೈನ್, ಅದು ಕರಗುವುದನ್ನು ತಕ್ಷಣ ನಿಲ್ಲಿಸುತ್ತದೆ. ಅತ್ತ ಫೋಟೋಗೆ ಕೂತಿದ್ದ ಔಷಧಿ ಅಂಗಡಿಯವರ ಹೆಂಡತಿಯನ್ನು ಸಂಭಾಳಿಸುತ್ತ, ಇತ್ತ ಇದನ್ನೂ ಉಜ್ಜುತ್ತ ಇದ್ದ ನಮ್ಮವರು ಎರಡು ಹತ್ತಿಯನ್ನೂ ಸ್ಪಿರಿಟ್ಟಿನಲ್ಲೇ ಅದ್ದಿಬಿಟ್ಟರು. ನಾನು ಮೇಲೆ ಹೋದಾಗ ಅಬೆಲ್‌ನ ಬಾಯಿ, ಗಲ್ಲ ಎರಡೂ ಇರಲಿಲ್ಲ. ಹತ್ತಿ ಮಾತ್ರ ಗುಲಾಬಿ ಬಣ್ಣಕ್ಕೆ ತಿರುಗಿತ್ತು.

"ಡಾರ್ಕಸ್, ಆ ತಾಯಿಯಿಂದ ಮಗನನ್ನ ಇನ್ನೊಂದ್ಸಲ ಕಿತ್ಕೊಂಡ್ಬಿಟ್ಟೆ ಕಣೇ," ಎಂದರು.

"ಹೊಸದಾಗಿ ಬರೀರಿ," ಎಂದೆ.

"ಏನ್ ನೋಡ್ಕೊಂಡು ಬರೀಲಿ? ನಿನ್ನ ಮುಖ ನೋಡ್ಕೊಂಡಾ?"

"ಹಡಗು ಹತ್ತೋ ಮುಂಚೆ ನಮ್ಮಲ್ಲೇ ಫೋಟೋ ತೆಗೆಸ್ಕೊಂಡಿದ್ದನಲ್ಲ! ಅಮ್ಮಂಗೆ ಹೇಳ್ಬೇಡಿ, ಹೋದಲ್ಲಿಂದ ಅಂಚೇಲಿ ಕಳಿಸ್ತೀನಿ ಅಂತ ಕಾಗದದ ಪ್ರತಿಗಳನ್ನೆಲ್ಲ ತಗೊಂಡು ಹೋದ, ಅವೂ ಅವನ ಜೊತೆ ಮುಳುಗಿದ್ವು. ಫೋಟೋ ಮೂಡಿದ ಗಾಜು ನಮ್ಮ ಹತ್ರಾನೇ ಉಳೀತಲ್ವಾ?"

ಅವರು ನೆಲ ನೋಡಿದರು. "ರಿಕ್ಸ್‌ಗೆ ಮಾರ್ಬಿಟ್ಟೆ. ಹಳೇ ಗಾಜಿನ ಜೊತೆ."

ಸಿಲ್ವೇನಸ್ ರಿಕ್ಸ್ ಊರಾಚೆಯ ತೋಟಗಾರ. ನಮ್ಮ ಊರಿನ ಫೋಟೋದವರೆಲ್ಲ ಬೇಡದ ಗಾಜನ್ನು ಅವನಿಗೇ ದಾಟಿಸುತ್ತಾರೆ. ಅವನು ಅದನ್ನು ಪಾತಿಗಳ ಮೇಲೆ ಹೊದಿಸಿ ಚಳಿಯಲ್ಲೂ ಸೌತೆ ಬೆಳೆಯುತ್ತಾನೆ. ನಾನು ಯಜಮಾನರ ತೋಳು ಹಿಡಿದು ಎಳೆದುಕೊಂಡೇ ಹೊರಟೆ.

"ಗಾಜನ್ನ ಉಜ್ಜಿ ತೊಳೆದ್ಬಿಟ್ಯಾ?" ಎಂದು ಬೇಲಿಯಾಚೆಯಿಂದಲೇ ಕೂಗಿದೆ.

"ತೊಳೆಯೋಕೆ ನನಗೇನು ಹುಚ್ಚೇನಮ್ಮಾ?" ಎಂದ ರಿಕ್ಸ್. "ಮುಖ ಇದ್ರೇನೇ ಬಿಸಿಲು ಹದವಾಗಿ ಬೀಳೋದು. ಅರ್ಧ ಊರೇ ಇದೆ ನೋಡಿ ಇಲ್ಲಿ. ಪಾದ್ರಿಗಳ ಕೆಳಗೆ ಮೂಲಂಗಿ ಭಾಳ ಚೆನ್ನಾಗಿ ಬರ್ತದೆ. ಅವರ ಹೆಂಡ್ತಿ ಕೆಳಗೆ ಏನೂ ಬರಲ್ಲ."

ಇನ್ನೊಂದು ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಗಾಜಿನಲ್ಲಿ ಎಲ್ಲವೂ ತಿರುವುಮುರುವು. ಮುಖ ಕಪ್ಪು, ಕೋಟು ಬಿಳಿ, ಯಾರು ಯಾರೆಂದೇ ತಿಳಿಯದು. ನಾನು ನನ್ನ ಕಪ್ಪು ಶಾಲನ್ನು ಒಂದೊಂದೇ ಗಾಜಿನಡಿಗೆ ತೂರಿಸುತ್ತ ಹೋದೆ. ಕೆಳಗೆ ಕಪ್ಪು ಬಂದೊಡನೆ ಮುಖಗಳು ಬೆಳ್ಳಗೆ ತಿರುಗಿ ನಮ್ಮನ್ನೇ ನೋಡತೊಡಗಿದವು. ಮದುಮಗಳು, ಕಟುಕ, ಕಟುಕನ ನಾಯಿ, ಯಾರ ಮನೆಯದೋ ಅವಳಿಜವಳಿ. ಅಬೆಲ್ ಇಲ್ಲ. ಯಜಮಾನರು ಕೆಸರಿನಲ್ಲಿ ಮಂಡಿಯೂರಿ ದೇವರ ಹೆಸರು ಹೇಳುತ್ತಿದ್ದರು. ಭಾನುವಾರ ಚರ್ಚಿನಲ್ಲೂ ಅವರು ಅಷ್ಟು ಮನಸ್ಸಿಟ್ಟು ಹೇಳಿದ್ದನ್ನು ನಾನು ಕಂಡಿಲ್ಲ.

ಕೊನೆಯ ಪಾತಿಯಲ್ಲಿ ಬಿಸಿಲು ತಡೆಯಲೆಂದು ಕೆಳಗರ್ಧಕ್ಕೆ ಸುಣ್ಣ ಬಳಿದ ಒಂದು ಗಾಜಿತ್ತು. ಶಾಲು ತೂರಿಸಿದೆ. ಬಾಯಿ, ಗಲ್ಲ, ಕಣ್ಣು, ಎಲ್ಲವೂ ಇತ್ತು. ಹೋದ ಜೀವ ಬಂದಂತಾಯಿತು. ಯಜಮಾನರು ರಿಕ್ಸ್‌ನನ್ನು ತಬ್ಬಿಕೊಂಡು ಅಳತೊಡಗಿದರು. ಅವನು ಪಾಪ, ಕೈಯಲ್ಲಿದ್ದ ನೀರಿನ ಡಬ್ಬಿಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದ.

ಮನೆಗೆ ತಂದು ನಾನೇ ಆ ಸುಣ್ಣ ತೆಗೆದೆ. ಅವರ ಕೈಗೆ ಅಂದು ಹತ್ತಿ ಕೊಡುವ ಧೈರ್ಯ ನನಗಿರಲಿಲ್ಲ. ಮಾರನೆಯ ಬೆಳಿಗ್ಗೆ ಅವರು ಗಾಜನ್ನು ಬಿಸಿಲಿಗಿಟ್ಟು ಕಾಗದದ ಮೇಲೆ ಒಂದು ಪ್ರತಿ ಇಳಿಸಿದರು.

"ಬಾಯಿ ಬರೆದು ಮುಗಿಸಿ, ಏನೂ ಆಗೇ ಇಲ್ಲ ಅನ್ನೋ ಹಾಗೆ ಕೊಟ್ಬಿಡ್ಲಾ?" ಎಂದು ಕೇಳಿದರು.

"ತಾಯಿಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಹೇಳ್ಬಿಡಿ."

ಮಿಸೆಸ್ ಪ್ಲಮ್‌ಸ್ಟೆಡ್ ಬಂದರು. ಯಜಮಾನರು ಚಿತ್ರದ ಮೇಲಿನ ಬಟ್ಟೆ ಸರಿಸಿ, ಆದದ್ದನ್ನು ಒಂದೂ ಬಿಡದೆ ಹೇಳಿದರು. ಆಕೆ ಬಾಯಿಯಿಲ್ಲದ ಆ ಮುಖವನ್ನು ನೋಡುತ್ತ ಕುರ್ಚಿಯಲ್ಲಿ ಕುಳಿತರು. ನಾನು ಫೋಟೋವನ್ನು ಅವರ ಮಡಿಲಲ್ಲಿಟ್ಟೆ.

"ಕೈ ಎಲ್ಲಿ ಇವನದು?" ಎಂದರು ಆಕೆ, ಅದನ್ನು ಕಣ್ಣ ಹತ್ತಿರ ಹಿಡಿದು. ಮೊಣಕಾಲಿನ ಮೇಲೆ ಕೈ ಇರಬೇಕಾದಲ್ಲಿ ಬರೀ ಹೊಗೆಯಂತೆ ಒಂದು ಬಿಳಿ ಕಲೆ.

"ಫೋಟೋ ಮೂಡೋಷ್ಟು ಹೊತ್ತು ಕದಲಬಾರದು, ಇವನು ಅಲ್ಲಾಡಿಸ್ಬಿಟ್ಟ ಅಮ್ಮಾ. ತಲೆ ಅಲ್ಲಾಡದ ಹಾಗೆ ಹಿಂದಿಂದ ಕಬ್ಬಿಣದ ಕವೆ ಕೊಟ್ಟಿದ್ದೆ, ಮುಖ ನಿಂತಿತು. ಕೈ ನಿಲ್ಲಲಿಲ್ಲ. ಅದಕ್ಕೇ ಈ ಗಾಜು ಕೆಟ್ಟಿದೆ ಅಂತ ಮಾರೋ ಗಾಜಿನ ಜೊತೆ ಇಟ್ಟಿದ್ದೆ," ಎಂದರು ಯಜಮಾನರು.

ಆಕೆ ನಕ್ಕರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗುತ್ತಲೇ ಇದ್ದರು. "ಅಲ್ಲಾಡಿಸ್ದೆ ಇರ್ತಾನಾ! ಊಟಕ್ಕೆ ಕೂತ್ರೆ ಬೆರಳಲ್ಲಿ ಮೇಜು ಕುಟ್ತಿದ್ದ, ಚರ್ಚಿಗೆ ಹೋದ್ರೆ ಬೆಂಚು ಕುಟ್ತಿದ್ದ. ಬೈದು ಬೈದು ಸಾಕಾಗ್ತಿತ್ತು ನಂಗೆ. ಆ ಚಿತ್ರದಲ್ಲಿ ಕೈ ಕಟ್ಕೊಂಡು ಕೂತಿದ್ದೋನು ಯಾವನೋ ಒಳ್ಳೆ ಹುಡುಗ, ಮಿಸ್ಟರ್ ಲಾರ್‌ವುಡ್. ಇವನು ನನ್ನ ಅಬೆಲ್."

ಚಿತ್ರವನ್ನು ನಿಧಾನವಾಗಿ ಸರಿಮಾಡಿ, ಅವಸರವಿಲ್ಲ ಎಂದರು. ಫೋಟೋವನ್ನು ಮಾತ್ರ ಅಂದೇ ಒಯ್ದರು. ಮೆಟ್ಟಿಲು ಇಳಿಯುವಾಗ ಪಕ್ಕದ ಕಂಬಿಯ ಮೇಲೆ ಅವರ ಬೆರಳುಗಳು ತಟಪಟ ಕುಟ್ಟುತ್ತಿದ್ದವು.